ಗಾಲಿ ಓರೆ ನಿಂತರೆ ಟೈರು ಅಡ್ಡ ಸವೆಯುತ್ತೆ

ಹಳ್ಳಿಗಳಲ್ಲಿ ಓಡಾಡೋ ಹಳೇ ಪಿಕಪ್ಪು, ಜೀಪು, ಕಾರುಗಳ ಮುಂದಿನ ಟೈರು ಒಮ್ಮೆ ಬಗ್ಗಿ ನೋಡಿ. ಎಷ್ಟೋ ಗಾಡಿಗಳಲ್ಲಿ ಹೊರ ಅಂಚು ಒಳಗಿನ ನೂಲು ಕಾಣೋ ಹಾಗೆ ಸವೆದಿರುತ್ತೆ, ಒಳ ಅರ್ಧ ಹೊಸದರ ಹಾಗೇ ಇರುತ್ತೆ. ಟೈರು ಕಂಪೆನಿಗೆ ಬೈದು ಹೊಸ ಜೊತೆ ಹಾಕಿಸುವವರೇ ಹೆಚ್ಚು. ಅದೂ ಹಾಗೇ ಸವೆಯುತ್ತೆ, ಯಾಕಂದ್ರೆ ಗಾಲಿ ಓರೆ ನಿಂತದ್ದು ಹಾಗೇ ಉಳಿದಿರುತ್ತೆ.

ಕುಂಟೆ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಬದಿ ಹಗ್ಗ ಗಿಡ್ಡವಾದರೆ ಕುಂಟೆ ಓರೆಗೆ ಎಳೆಯುತ್ತೆ, ಎತ್ತು ಬೇಗ ದಣಿಯುತ್ತವೆ. ಕಾರಿನಲ್ಲಿ ದಣಿಯೋದು ಎಂಜಿನ್ನು, ಖರ್ಚಾಗೋದು ಡೀಸೆಲ್ಲು.

ಗಾಲಿಯ ಓರೆಯಲ್ಲಿ ಮೂರು ತರಹ. ನಾವು ನಿಂತಾಗ ಪಾದದ ಬೆರಳು ಒಳಕ್ಕೋ ಹೊರಕ್ಕೋ ತಿರುಗಿರುವ ಹಾಗೆ ಎರಡು ಗಾಲಿಗಳ ಮುಂಭಾಗ ಹತ್ತಿರವೋ ದೂರವೋ ಇರೋದು ಒಂದು. ಇದಕ್ಕೆ ಟೋ ಅಂತಾರೆ. ಎದುರಿಂದ ನೋಡಿದಾಗ ಗಾಲಿಯ ತಲೆ ಒಳಗೋ ಹೊರಗೋ ವಾಲಿರೋದು ಕ್ಯಾಂಬರ್. ಸೈಕಲ್ಲಿನ ಮುಂದಿನ ಫೋರ್ಕು ಹಿಂದಕ್ಕೆ ಒರಗಿರುತ್ತಲ್ಲ, ಆ ಒರಗು ಕ್ಯಾಸ್ಟರ್. ತಿರುವು ಮುಗಿದ ಮೇಲೆ ಸ್ಟೇರಿಂಗು ತಾನಾಗೇ ನೇರವಾಗೋದು ಹೆಚ್ಚಾಗಿ ಇದರಿಂದ. ಟೈರು ತಿನ್ನೋದರಲ್ಲಿ ಮೊದಲನೆಯದೇ ದೊಡ್ಡದು.

ಒಂದು ಲೆಕ್ಕ ಮಾಡೋಣ. ರಿಮ್ಮಿನ ಅಡ್ಡಗಲ 40 ಸೆಂ.ಮೀ. ಅಂತಿಟ್ಟುಕೊಳ್ಳಿ. ಎರಡು ಗಾಲಿಗಳ ಮುಂಭಾಗ ಹಿಂಭಾಗಕ್ಕಿಂತ 6 ಮಿ.ಮೀ. ಹತ್ತಿರ ಇದೆ. ಅಂದ್ರೆ ಪ್ರತಿ 40 ಸೆಂ.ಮೀ. ಮುಂದೆ ಹೋದಾಗಲೂ ಎರಡೂ ಗಾಲಿ ಸೇರಿ 6 ಮಿ.ಮೀ. ಒಂದರ ಕಡೆಗೊಂದು ಹೋಗಬೇಕು ಅಂತಾವೆ. ಅಚ್ಚು ಬಿಡೋದಿಲ್ಲ, ಟೈರು ಅಷ್ಟನ್ನೂ ರಸ್ತೆ ಮೇಲೆ ಅಡ್ಡಡ್ಡ ಉಜ್ಜಿಕೊಳ್ಳುತ್ತೆ. ಒಂದು ಕಿಲೋಮೀಟರಿಗೆ 15 ಮೀಟರ್ ಆಯ್ತು. ಚಿತ್ರದುರ್ಗದಿಂದ ಯಶವಂತಪುರದ ಮಾರ್ಕೆಟ್ಟಿಗೆ ಈರುಳ್ಳಿ ಒಯ್ದರೆ ಸುಮಾರು 200 ಕಿ.ಮೀ. ಹೋಗೋ ದಾರಿಯಲ್ಲೇ 3 ಕಿ.ಮೀ. ಅಡ್ಡ ಉಜ್ಜಾಟ! ಬರೋ ದಾರಿ ಬೇರೆ. 6 ಮಿ.ಮೀ. ಅಂದ್ರೆ ಒಂದು ಕಡಲೆಕಾಳಿನಷ್ಟು, ಕಣ್ಣಿಗೆ ಕಾಣೋದೇ ಇಲ್ಲ.

ಹಾಗಂತ ಟೋ ಸೊನ್ನೆಯೇ ಇರಬೇಕು ಅಂತಲ್ಲ. ಹಿಂದಿನ ಗಾಲಿ ತಳ್ಳುವ ಗಾಡಿಗಳಲ್ಲಿ ಸಾಮಾನ್ಯವಾಗಿ ಸ್ವಲ್ಪ ಒಳಮುಖ ಬಿಟ್ಟಿರುತ್ತಾರೆ, ಓಡುವಾಗ ರಸ್ತೆಯ ಎಳೆತಕ್ಕೆ ಗಾಲಿ ನೇರವಾಗಲಿ ಅಂತ. ನಿಮ್ಮ ಗಾಡಿಗೆ ಎಷ್ಟು ಅನ್ನೋದು ಅದರ ಪುಸ್ತಕದಲ್ಲಿರುತ್ತೆ. ಟ್ರ್ಯಾಕ್ಟರಿಗೂ ಹಾಗೇ.

ಟೈರೇ ಗುಟ್ಟು ಹೇಳುತ್ತೆ. ಎರಡೂ ಮುಂಗಾಲಿಯ ಹೊರ ಅಂಚು ಸವೆದಿದ್ದರೆ ಒಳಮುಖ ಜಾಸ್ತಿ, ಒಳ ಅಂಚು ಸವೆದಿದ್ದರೆ ಹೊರಮುಖ ಅಂತ ಮೊದಲ ಅನುಮಾನ. ಅಂಗೈಯನ್ನು ಟೈರಿನ ಮೇಲೆ ಅಡ್ಡಡ್ಡ ಆಡಿಸಿ. ಒಂದು ಕಡೆಗೆ ನುಣ್ಣಗೆ, ವಾಪಸು ಬರುವಾಗ ಗರಗಸದ ಹಾಗೆ ಚುಚ್ಚಿದರೆ ಟೋ ಕೆಟ್ಟಿದೆ. ಎರಡೂ ಅಂಚು ಸವೆದು ನಡುವೆ ಉಳಿದಿದ್ದರೆ ಗಾಳಿ ಕಮ್ಮಿ, ನಡುವೆ ಸವೆದಿದ್ದರೆ ಗಾಳಿ ಜಾಸ್ತಿ. ವೇಗ ಹೋದಾಗ ಮಾತ್ರ ಸ್ಟೇರಿಂಗು ನಡುಗಿದರೆ ಹೆಚ್ಚಾಗಿ ಅದು ಬ್ಯಾಲೆನ್ಸಿಂಗಿನ ತಕರಾರು. ರಿಮ್ಮಿಗೆ ಸಣ್ಣ ತೂಕ ಹೊಡೆದು ಸರಿ ಮಾಡ್ತಾರೆ. ಗಾಡಿ ತುಸು ಎಡಕ್ಕೆ ಎಳೆದ ಮಾತ್ರಕ್ಕೆ ಗಾಬರಿ ಬೇಡ, ನೀರು ಹರಿಯಲಿ ಅಂತ ರಸ್ತೆಯನ್ನೇ ಅಂಚಿಗೆ ಇಳಿಜಾರು ಮಾಡಿರುತ್ತಾರೆ.

ಮನೆಯಲ್ಲೇ ಟೋ ನೋಡಬಹುದು. ಸಮವಾದ ಕಣದಲ್ಲಿ ಗಾಡಿ ನೇರ ನಿಲ್ಲಿಸಿ, ಗಾಳಿ ಸರಿಯಿರಲಿ. ಎರಡೂ ಮುಂಗಾಲಿಯ ರಿಮ್ಮಿನ ಒಳ ಅಂಚಿಗೆ, ಅಚ್ಚಿನ ಎತ್ತರದಲ್ಲಿ ಮುಂಭಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ನಡುವಿನ ಅಳತೆ ತೆಗೆಯಿರಿ. ಟೇಪು ನೇರ ಬರದಿದ್ದರೆ ಬಿದಿರು ಕಡ್ಡಿ ಆದೀತು. ಗಾಲಿ ಅರ್ಧ ಸುತ್ತು ಉರುಳುವಷ್ಟು ಗಾಡಿ ಮುಂದಕ್ಕೆ ತಳ್ಳಿ, ಅದೇ ಗುರುತು ಹಿಂದೆ ಬಂದಾಗ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವೇ ಟೋ. ಅದೇ ಗುರುತನ್ನು ಅಳೆಯೋದರಿಂದ ರಿಮ್ಮು ಸ್ವಲ್ಪ ಸೊಟ್ಟಗಿದ್ದರೂ ಲೆಕ್ಕ ತಪ್ಪೋದಿಲ್ಲ. ಆದರೆ ಟೈ ರಾಡನ್ನು ನೀವೇ ತಿರುಗಿಸಬೇಡಿ, ಎರಡೂ ಕಡೆ ಸಮ ಆಗದಿದ್ದರೆ ಸ್ಟೇರಿಂಗು ಸೊಟ್ಟ ನಿಲ್ಲುತ್ತೆ.

ಪೇಟೆಗೆ ಹೋಗುವ ಮುಂಚೆ ಜಾಕು ಕೊಟ್ಟು ಮುಂಗಾಲಿ ಎತ್ತಿ. ಹಿಂದೆ ಮುಂದೆ ಹಿಡಿದು ಅಲ್ಲಾಡಿಸಿದಾಗ ಲಡಲಡ ಅಂದರೆ ಟೈ ರಾಡಿನ ಕೀಲು, ಮೇಲೆ ಕೆಳಗೆ ಹಿಡಿದಾಗ ಅಂದರೆ ಬೇರಿಂಗೋ ಬಾಲ್ ಜಾಯಿಂಟೋ ಸಡಿಲ. ಕೀಲು ಸಡಿಲ ಇರುವಾಗ ಅಲೈನ್‌ಮೆಂಟ್ ಮಾಡಿಸಿದರೆ ದುಡ್ಡು ದಂಡ. ನಾನು ಹೋದ ಒಂದು ಅಂಗಡಿಯಲ್ಲಿ ಕೀಲು ಮುಟ್ಟಿಯೂ ನೋಡದೆ ಮಿಷನ್ನು ಕಟ್ಟಿ ಕಾಸು ತಗೊಂಡರು. ತಿಂಗಳೊಳಗೆ ಟೈರು ಮೊದಲಿನ ಹಾಗೇ.

ನಮ್ಮೂರಿನವರೊಬ್ಬರ ಗಾಡಿಯ ಮುಂದಿನ ಟೈರು ಶೇಂಗಾ ಹೇರಿದ್ದಾಗ ನಡು ಮಧ್ಯಾಹ್ನದ ಬಿಸಿಲಿಗೆ ಒಡೆಯಿತು. ಅಂಚು ಬೋಳಾಗಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಗಾಡಿ ಹೊಲಕ್ಕೆ ಇಳಿದು ನಿಂತಿತು, ಜನ ಉಳಿದರು. ಒಂದು ಜೊತೆ ಟೈರಿನ ದುಡ್ಡಿನಲ್ಲಿ ಹತ್ತು ಸಲಕ್ಕೂ ಹೆಚ್ಚು ಅಲೈನ್‌ಮೆಂಟ್ ಮಾಡಿಸಬಹುದು.

ದೊಡ್ಡ ಗುಂಡಿಗೆ ಬಿದ್ದಾಗ, ಸ್ಟೇರಿಂಗಿನ ಕೆಲಸ ಮಾಡಿಸಿದಾಗ, ಹೊಸ ಟೈರು ಹಾಕಿದಾಗ ತಪ್ಪದೆ ತೋರಿಸಿ. ಇಲ್ಲದಿದ್ದರೂ 5,000ದಿಂದ 10,000 ಕಿ.ಮೀ. ಒಳಗೆ ಒಮ್ಮೆ. ಕಂಪ್ಯೂಟರ್ ಮಿಷನ್ನು ಇದ್ದ ಕಡೆ ಮೊದಲಿನ ಅಳತೆ, ಆಮೇಲಿನ ಅಳತೆ ಎರಡೂ ಇರುವ ಚೀಟಿ ಕೇಳಿ ಪಡೆಯಿರಿ.