ದೋಣಿ ಏರುವ ಮುನ್ನ

ಮಕ್ಕಳೇ, ನಿಮ್ಮಲ್ಲಿ ಎಷ್ಟು ಮಂದಿ ದೋಣಿಯಲ್ಲಿ ಕುಳಿತಿದ್ದೀರಿ? ನಾರ್ವ, ಮಕ್ತಲ್, ಗದ್ವಾಲ ಕಡೆಯ ಮಕ್ಕಳಿಗೆ ಕೃಷ್ಣಾ ನದಿ ಹೊಸದಲ್ಲ. ನದಿ ದಾಟುವ ಹರಿಗೋಲನ್ನೂ ನೀವು ನೋಡಿರುತ್ತೀರಿ. ನಿಮ್ಮ ಕಡೆ ಇದನ್ನು ಪುಟ್ಟಿ ಎಂದೂ ಕರೆಯುವರು. ಬಿದಿರಿನ ಬುಟ್ಟಿಯಂತೆ ದುಂಡಗಿರುವ ಇದು ನೀರಿನ ಮೇಲೆ ತೇಲುತ್ತಾ ಜನರನ್ನು ಆಚೆ ದಡಕ್ಕೆ ಸೇರಿಸುತ್ತದೆ.

ನದಿ ದಾಟುವುದಕ್ಕಷ್ಟೇ ಜನರು ದೋಣಿ ಏರುವುದಿಲ್ಲ. ಹಕ್ಕಿಗಳನ್ನು, ಪ್ರಾಣಿಗಳನ್ನು, ಚೆಲುವಾದ ದಡಗಳನ್ನು ನೋಡುವುದಕ್ಕೂ ಏರುತ್ತಾರೆ. ನಿಮ್ಮ ಶಾಲೆಯಿಂದ ಅಂಥ ಒಂದು ಪ್ರವಾಸ ಹೋಗಬೇಕೆಂದುಕೊಳ್ಳಿ. ಎಲ್ಲಿಗೆ ಹೋಗುವಿರಿ? ಯಾವ ತಿಂಗಳಲ್ಲಿ ಹೋಗುವಿರಿ? ಯಾವ ದೋಣಿಯನ್ನು ಆರಿಸುವಿರಿ? ಹೊರಡುವ ಮೊದಲೇ ಇವನ್ನೆಲ್ಲ ಯೋಚಿಸಬೇಕು. ಯೋಚಿಸದೆ ಹೋದರೆ ಹಣವೂ ಹೊತ್ತೂ ವ್ಯರ್ಥ. ಕೆಲವು ಸಲ ಪ್ರಾಣಕ್ಕೂ ಅಪಾಯ. ಬನ್ನಿ, ಮೂರು ಸ್ಥಳಗಳನ್ನು ನೋಡಿ, ಆರಿಸುವುದು ಹೇಗೆಂದು ತಿಳಿಯೋಣ.

ಹಿಮನದಿಯ ಮುಂದೆ ಒಂದು ದಿನ

ಮೊದಲು ಬಹು ದೂರದ ಊರಿಗೆ ಹೋಗೋಣ. ಅಮೆರಿಕ ದೇಶದ ಉತ್ತರ ತುದಿಯಲ್ಲಿ ಅಲಾಸ್ಕ ಎಂಬ ರಾಜ್ಯವಿದೆ. ಅಲ್ಲಿ ಬಹಳ ಚಳಿ. ಬೆಟ್ಟಗಳ ಮೇಲೆ ಪ್ರತಿ ವರ್ಷ ಬಿದ್ದ ಹಿಮವೆಲ್ಲ ಕರಗುವುದಿಲ್ಲ. ಅದು ಪದರ ಪದರವಾಗಿ ಒತ್ತಿಕೊಂಡು ಗಟ್ಟಿ ಮಂಜುಗಡ್ಡೆಯಾಗುತ್ತದೆ. ಆ ಗಡ್ಡೆ ತನ್ನ ಭಾರಕ್ಕೆ ತಾನೇ ಮೆಲ್ಲಮೆಲ್ಲನೆ ಕೆಳಗೆ ಜಾರುತ್ತದೆ. ಇದೇ ಹಿಮನದಿ. ನಮ್ಮ ದೇಶದಲ್ಲೂ ಹಿಮನದಿಗಳಿವೆ. ಗಂಗೋತ್ರಿ ಹಿಮನದಿಯ ತುದಿಯಾದ ಗೋಮುಖದಲ್ಲಿ ಭಾಗೀರಥಿ ನದಿ ಹುಟ್ಟುತ್ತದೆ. ಅಲ್ಲಿಗೆ ಬೆಟ್ಟದ ದಾರಿಯಲ್ಲಿ ನಡೆದು ಹೋಗಬೇಕು. ಅಲಾಸ್ಕದಲ್ಲಿ ಕೆಲವು ಹಿಮನದಿಗಳು ಸಮುದ್ರದವರೆಗೂ ಬಂದು ಮುಟ್ಟುತ್ತವೆ. ಆದ್ದರಿಂದ ಅವನ್ನು ಹಡಗಿನಲ್ಲಿ ಕುಳಿತೇ ನೋಡಬಹುದು.

ಅಲ್ಲಿ ಸೀವರ್ಡ್ ಎಂಬ ಪುಟ್ಟ ಬಂದರಿದೆ. ಅದರ ಪಕ್ಕದಲ್ಲಿ 1980ರಲ್ಲಿ ಕೀನಾಯ್ ಫಿಯೋರ್ಡ್ಸ್ ರಾಷ್ಟ್ರೀಯ ಉದ್ಯಾನವನ್ನು ಸ್ಥಾಪಿಸಿದರು. ಬೇಸಿಗೆಯಲ್ಲಿ ಬಂದರಿನಿಂದ ಹಡಗುಗಳು ಬೆಳಿಗ್ಗೆ ಹೊರಟು ಸಂಜೆಗೆ ಮರಳುತ್ತವೆ. ಎಲ್ಲ ಹಡಗುಗಳೂ ಒಂದೇ ಕಡೆಗೆ ಹೋಗುವುದಿಲ್ಲ. ಮೂರು ನಾಲ್ಕು ಗಂಟೆಗಳ ಚಿಕ್ಕ ಪ್ರಯಾಣದ ಹಡಗು ಕೊಲ್ಲಿಯ ಒಳಗೇ ಸುತ್ತುತ್ತದೆ. ಅಲ್ಲಿ ಅಲೆಗಳು ಕಡಿಮೆ. ಸಮುದ್ರದ ನೀರುನಾಯಿ, ಕಡಲಸಿಂಹ, ಬಣ್ಣದ ಕೊಕ್ಕಿನ ಪಫಿನ್ ಹಕ್ಕಿ ಇವು ಕಾಣಬಹುದು. ಆದರೆ ಸಮುದ್ರವನ್ನು ಮುಟ್ಟುವ ದೊಡ್ಡ ಹಿಮನದಿಗಳು ಕಾಣುವುದಿಲ್ಲ. ಅವನ್ನು ನೋಡಬೇಕಾದರೆ ಆರು ಗಂಟೆಗಳಿಗೂ ಮೀರಿದ ಪ್ರಯಾಣವನ್ನು ಆರಿಸಬೇಕು. ಆ ಹಡಗು ತೆರೆದ ಸಮುದ್ರಕ್ಕೆ ಹೋಗುತ್ತದೆ. ಅಲ್ಲಿ ಅಲೆಗಳು ಎದ್ದು ಹಡಗು ಓಲಾಡುತ್ತದೆ. ಕೆಲವರಿಗೆ ತಲೆ ಸುತ್ತಿ ವಾಂತಿಯಾಗುವುದೂ ಉಂಟು. ದೊಡ್ಡ ಹಡಗು ಕಡಿಮೆ ಓಲಾಡುತ್ತದೆ. ಚಿಕ್ಕ ಹಡಗಿನಲ್ಲಿ ಜನ ಕಡಿಮೆ, ಎಲ್ಲರಿಗೂ ಚೆನ್ನಾಗಿ ಕಾಣಿಸುತ್ತದೆ.

ಹಿಮನದಿಯ ಮುಂದೆ ಹಡಗಿನವರು ಯಂತ್ರದ ಸದ್ದನ್ನು ತಗ್ಗಿಸುತ್ತಾರೆ. ಆಗ ಗುಡುಗಿನಂತೆ ಸದ್ದಾಗಿ ಮನೆಯಷ್ಟು ದೊಡ್ಡ ಮಂಜುಗಡ್ಡೆ ಒಡೆದು ನೀರಿಗೆ ಬೀಳುವುದನ್ನು ನೋಡಬಹುದು. ಅದು ಬಿದ್ದಾಗ ದೊಡ್ಡ ಅಲೆಗಳು ಏಳುತ್ತವೆ. ಆದ್ದರಿಂದ ಹಡಗು ದೂರದಲ್ಲೇ ನಿಲ್ಲಬೇಕು. ತಿಮಿಂಗಿಲ ಕಂಡರೂ ಹಾಗೆಯೇ. ಗೂನು ಬೆನ್ನಿನ ತಿಮಿಂಗಿಲದಿಂದ ಸುಮಾರು 90 ಮೀಟರ್ ದೂರವಿರಬೇಕೆಂದು ಅಲ್ಲಿ ಕಾನೂನೇ ಇದೆ.

ನೋಡಿದಿರಾ? ಹಿಮನದಿಯೇ ಬೇಕೆನ್ನುವವನು ಚಿಕ್ಕ ಪ್ರಯಾಣಕ್ಕೆ ಹಣ ಕೊಟ್ಟರೆ ಬೇಸರಪಡುತ್ತಾನೆ. ಅಲೆಗೆ ಅಂಜುವವನು ದೊಡ್ಡ ಪ್ರಯಾಣಕ್ಕೆ ಹೋದರೆ ಏನನ್ನೂ ನೋಡಲಾರ. ಆದ್ದರಿಂದ ನಮ್ಮ ಮೊದಲ ಪ್ರಶ್ನೆ: ನಾವು ನೋಡಬೇಕಾದುದು ಏನು? ಅದಕ್ಕೆ ಎಷ್ಟು ಹೊತ್ತು ಬೇಕು?

ಹಕ್ಕಿಗಳ ನಡುಗಡ್ಡೆ

ಈಗ ಕರ್ನಾಟಕಕ್ಕೆ ಬನ್ನಿ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದ ಬಳಿ ಕಾವೇರಿ ನದಿಯ ನಡುವೆ ಕೆಲವು ಪುಟ್ಟ ನಡುಗಡ್ಡೆಗಳಿವೆ. ಅದೇ ರಂಗನತಿಟ್ಟು. ಮರಗಳ ಮೇಲೂ ಬಂಡೆಗಳ ಮೇಲೂ ಸಾವಿರಾರು ಹಕ್ಕಿಗಳು ಅಲ್ಲಿ ಗೂಡು ಕಟ್ಟುತ್ತವೆ. ಪ್ರಸಿದ್ಧ ಪಕ್ಷಿತಜ್ಞರಾದ ಸಲೀಂ ಅಲಿಯವರು ಇದನ್ನು ನೋಡಿ, ಇಲ್ಲಿಯ ಹಕ್ಕಿಗಳನ್ನು ಕಾಪಾಡಬೇಕೆಂದು ಮೈಸೂರಿನ ಮಹಾರಾಜರಿಗೆ ತಿಳಿಸಿದರು. 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಇದು ಪ್ರಪಂಚದ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಹಕ್ಕಿಗಳು ನಡುಗಡ್ಡೆಯನ್ನೇ ಏಕೆ ಆರಿಸಿಕೊಂಡವು? ಸುತ್ತಲೂ ನೀರಿದೆ. ನರಿ, ಕಾಡುಬೆಕ್ಕುಗಳು ಸುಲಭವಾಗಿ ಅಲ್ಲಿಗೆ ಬರಲಾರವು. ನೀರಿನಲ್ಲಿ ಮೀನು, ಬಸವನಹುಳು ಹೇರಳವಾಗಿವೆ. ಮರಿಗಳಿಗೆ ರಕ್ಷಣೆಯೂ ಆಯಿತು, ಆಹಾರವೂ ಆಯಿತು. ನೋಡಿ, ಹಕ್ಕಿಗಳಿಗೂ ಸ್ಥಳ ಆರಿಸುವುದು ಗೊತ್ತು!

ಇಲ್ಲಿ ಅರಣ್ಯ ಇಲಾಖೆಯ ದೋಣಿಗಳಿವೆ. ಅಂಬಿಗರು ಹುಟ್ಟು ಹಾಕುತ್ತಾ ನಿಧಾನವಾಗಿ ಕರೆದೊಯ್ಯುತ್ತಾರೆ. ಕೊಕ್ಕಿನ ಕೆಳಗೆ ಚೀಲವಿರುವ ಹೆಜ್ಜಾರ್ಲೆ, ಗುಲಾಬಿ ಗರಿಯ ಬಣ್ಣದ ಕೊಕ್ಕರೆ, ಚಮಚದಂಥ ಕೊಕ್ಕನ್ನು ನೀರಿನಲ್ಲಿ ಅತ್ತ ಇತ್ತ ಆಡಿಸುವ ಚಮಚಕೊಕ್ಕಿನ ಹಕ್ಕಿ ಇವೆಲ್ಲ ಕಾಣುತ್ತವೆ. ಬಾಯ್ಕಳಕ ಕೊಕ್ಕರೆಯ ಕೊಕ್ಕಿನ ನಡುವೆ ಸಂದು ಇರುತ್ತದೆ. ಬಸವನಹುಳುಗಳನ್ನು ಹಿಡಿದು ತಿನ್ನಲು ಅದಕ್ಕೆ ಆ ಕೊಕ್ಕೇ ಸಾಧನ. ಬಂಡೆಗಳ ಮೇಲೆ ಮೊಸಳೆಗಳು ಬಾಯಿ ತೆರೆದು ಮಲಗಿರುತ್ತವೆ. ಅವು ಕೋಪದಿಂದ ಬಾಯಿ ತೆರೆದಿಲ್ಲ. ಮೊಸಳೆಗೆ ನಮ್ಮಂತೆ ತನ್ನ ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲು ಬರುವುದಿಲ್ಲ. ಬಿಸಿಲು ಕಾಯಿಸಿ ಮೈ ಬಿಸಿ ಮಾಡಿಕೊಳ್ಳುತ್ತದೆ. ಬಿಸಿ ಹೆಚ್ಚಾದರೆ ಬಾಯಿ ತೆರೆದು ತಂಪು ಮಾಡಿಕೊಳ್ಳುತ್ತದೆ.

ಇಲ್ಲಿ ಎರಡನೆಯ ಪ್ರಶ್ನೆ ಬರುತ್ತದೆ: ಯಾವಾಗ ಹೋಗಬೇಕು? ಚಳಿಗಾಲದಿಂದ ಬೇಸಿಗೆಯವರೆಗೆ ಗೂಡುಗಳಲ್ಲಿ ಮೊಟ್ಟೆಗಳೂ ಮರಿಗಳೂ ಇರುತ್ತವೆ. ಆಗ ಹೋದರೆ ಬಹಳ ಹಕ್ಕಿಗಳನ್ನು ನೋಡಬಹುದು. ಬೆಳಗಿನ ಹೊತ್ತು ಹಕ್ಕಿಗಳು ಚುರುಕಾಗಿರುತ್ತವೆ. ಬಿಸಿಲೇರಿದ ಮೇಲೆ ಮೊಸಳೆಗಳು ಬಂಡೆಗೆ ಬರುತ್ತವೆ. ಮಳೆಗಾಲದಲ್ಲಿ ಕನ್ನಂಬಾಡಿ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ದೋಣಿಗಳನ್ನು ನಿಲ್ಲಿಸುತ್ತಾರೆ. ಕೇಳದೆ ಹೋದವರು ದಡದಲ್ಲೇ ನಿಂತು ಹಿಂದಿರುಗಬೇಕು. ನಾರ್ವದಿಂದ ರಂಗನತಿಟ್ಟು ಬಹು ದೂರ. ಒಂದೇ ದಿನದಲ್ಲಿ ಹೋಗಿ ಬರಲಾಗದು. ಆದ್ದರಿಂದ ಮೊದಲೇ ವಿಚಾರಿಸಿಕೊಂಡು ಹೊರಡುವುದು ಜಾಣತನ.

ನಮ್ಮ ಕೃಷ್ಣೆ

ಕೊನೆಗೆ ನಮ್ಮ ಹತ್ತಿರದ ನದಿಗೆ ಬರೋಣ. ಕೃಷ್ಣಾ ನದಿ ಮಹಾರಾಷ್ಟ್ರದ ಮಹಾಬಲೇಶ್ವರದ ಬಳಿ ಹುಟ್ಟುತ್ತದೆ. ಕರ್ನಾಟಕವನ್ನು ದಾಟಿ, ಭೀಮಾ ನದಿಯನ್ನು ಕೂಡಿಕೊಂಡು ನಮ್ಮ ಕಡೆ ಬರುತ್ತದೆ. ಮುಂದೆ ಗದ್ವಾಲದ ಸಮೀಪ ಜೂರಾಲ ಅಣೆಕಟ್ಟು ಅದನ್ನು ತಡೆದು ನಿಲ್ಲಿಸುತ್ತದೆ. ಮಕ್ತಲ್ ಮಂಡಲದ ಪಂಚದೇವಪಹಾಡ್ ಬಳಿ ನದಿಯ ನಡುವೆ ಕುರವಪುರವೆಂಬ ನಡುಗಡ್ಡೆ ಇದೆ. ಅದು ಕರ್ನಾಟಕದ ರಾಯಚೂರು ಜಿಲ್ಲೆಗೆ ಸೇರಿದ್ದು. ಅಲ್ಲಿಯ ಶ್ರೀಪಾದ ಶ್ರೀವಲ್ಲಭರ ಕ್ಷೇತ್ರಕ್ಕೆ ಭಕ್ತರು ನೀರು ದಾಟಿ ಹೋಗುತ್ತಾರೆ. ಬಂಡೆಗಳು, ಹಸಿರು ದಡ, ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ ಇವನ್ನು ನೋಡುತ್ತಾ ಸಾಗಬಹುದು. ಈ ಭಾಗದ ನದಿಯಲ್ಲಿ ಮೊಸಳೆಗಳೂ ಇವೆ. ಆದ್ದರಿಂದ ಕೈಯನ್ನು ನೀರಿಗೆ ಇಳಿಬಿಡಬಾರದು.

ಇದು ಹತ್ತಿರ, ಖರ್ಚೂ ಕಡಿಮೆ. ಹಾಗಾದರೆ ಯಾವಾಗ ಬೇಕಾದರೂ ಹೋಗಬಹುದೆ? ಇಲ್ಲ. ನಮ್ಮೂರಿನಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ಕೃಷ್ಣೆ ತುಂಬಿ ಬರಬಹುದು. ಇದಕ್ಕೆ ಕಾರಣವೇನು? ದೂರದ ಸಹ್ಯಾದ್ರಿಯಲ್ಲಿ ಜೋರು ಮಳೆಯಾದರೆ ಮೇಲಿನ ಆಲಮಟ್ಟಿ, ನಾರಾಯಣಪುರ ಅಣೆಕಟ್ಟುಗಳು ತುಂಬುತ್ತವೆ. ಆಗ ಬಾಗಿಲುಗಳನ್ನು ತೆರೆದು ನೀರು ಬಿಡುತ್ತಾರೆ. ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ನದಿ ಉಕ್ಕುತ್ತದೆ. 2020ರ ಆಗಸ್ಟ್ ತಿಂಗಳಲ್ಲಿ ಇಂಥ ಪ್ರವಾಹದ ನಡುವೆ ಈ ಭಾಗದ ನಡುಗಡ್ಡೆಗೆ ಹೋಗುವ ಹಾದಿಯಲ್ಲಿ ಹರಿಗೋಲೊಂದು ಮಗುಚಿತು. ಕೆಲವರು ಈಜಿ ಬದುಕಿದರು. ಕೆಲವರು ನೀರಿನಲ್ಲಿ ಕೊಚ್ಚಿಹೋದರು. ಅವರು ನದಿಯನ್ನು ಅರಿಯದವರಲ್ಲ. ಆದರೂ ತುಂಬಿದ ನದಿಯ ಮುಂದೆ ಹರಿಗೋಲಿನ ಬಲ ಬಹಳ ಕಡಿಮೆ. ಹರಿಗೋಲು ದುಂಡಗಿರುವುದರಿಂದ ಸುಳಿಯಲ್ಲಿ ಸಿಕ್ಕರೆ ಗಿರಗಿರನೆ ತಿರುಗುತ್ತದೆ. ಜನ ಒಂದೇ ಕಡೆಗೆ ಸರಿದರೆ ಅಂಚು ಬಾಗಿ ನೀರು ಒಳನುಗ್ಗುತ್ತದೆ.

ಆದುದರಿಂದ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು: ಈ ದಿನ ಈ ದೋಣಿ ಸುರಕ್ಷಿತವೆ? ದೋಣಿ ಏರುವ ಮುನ್ನ ಇವುಗಳನ್ನು ನೋಡಿರಿ.

1. ನದಿಯ ನೀರು ಕೆಂಪಾಗಿ, ಸುಳಿಸುಳಿಯಾಗಿ, ಕಸಕಡ್ಡಿ ಹೊತ್ತು ಬರುತ್ತಿದೆಯೆ? ಹಾಗಿದ್ದರೆ ಹತ್ತಬೇಡಿ.
2. ಎಲ್ಲರಿಗೂ ಲೈಫ್ ಜಾಕೆಟ್ ಎಂಬ ತೇಲುವ ಅಂಗಿ ಇದೆಯೆ? ಈಜು ಬಲ್ಲವರೂ ಅದನ್ನು ಹಾಕಿಕೊಳ್ಳಬೇಕು.
3. ದೋಣಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನರಿದ್ದಾರೆಯೆ? ಇದ್ದರೆ ಮುಂದಿನ ದೋಣಿಗೆ ಕಾಯಿರಿ.
4. ಅಂಬಿಗರು ಬೇಡವೆಂದರೆ ಒತ್ತಾಯ ಮಾಡಬೇಡಿ. ನದಿಯ ಮನಸ್ಸನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು.
5. ಗುರುಗಳು ಅಥವಾ ಮನೆಯ ಹಿರಿಯರು ಜೊತೆಯಲ್ಲಿ ಇಲ್ಲದೆ ಎಂದೂ ದೋಣಿ ಏರಬೇಡಿ.

ಇನ್ನೊಂದು ಪ್ರಶ್ನೆ ಉಳಿದಿದೆ

ನಮಗೆ ಅಪಾಯವಿಲ್ಲ ಸರಿ, ನಮ್ಮಿಂದ ಪ್ರಾಣಿಗಳಿಗೆ ಅಪಾಯವಿದೆಯೆ? ದೋಣಿ ಗೂಡಿನ ತೀರ ಹತ್ತಿರ ಹೋದರೆ, ನಾವು ಕೂಗಿದರೆ ತಾಯಿಹಕ್ಕಿ ಹೆದರಿ ಹಾರಿಹೋಗುತ್ತದೆ. ಆ ಹೊತ್ತಿನಲ್ಲಿ ಕಾಗೆ ಬಂದು ಮೊಟ್ಟೆಯನ್ನು ಕದಿಯುತ್ತದೆ. ಗರಿ ಮೂಡದ ಮರಿ ಸುಡುಬಿಸಿಲಿನಲ್ಲಿ ಸಾಯುತ್ತದೆ. ನಾವು ಒಂದು ನಿಮಿಷ ನಕ್ಕು ಹೋದರೆ ಅಲ್ಲಿ ಒಂದು ಸಂಸಾರವೇ ಹಾಳು. "ಇನ್ನೂ ಹತ್ತಿರ ಕರೆದೊಯ್ಯುತ್ತೇನೆ" ಎನ್ನುವ ದೋಣಿಗಿಂತ "ಇಲ್ಲಿಂದಲೇ ನೋಡಿರಿ" ಎನ್ನುವ ದೋಣಿ ಮೇಲು. ದೂರದಿಂದ ನೋಡಲು ದುರ್ಬೀನು ಇದ್ದರೆ ಸಾಕು. ತಿಂಡಿ ಎಸೆಯುವುದು, ಪ್ಲಾಸ್ಟಿಕ್ ಚೀಲ ಬಿಸಾಡುವುದು ಎರಡೂ ತಪ್ಪು.

ಮಕ್ಕಳೇ, ಹಿಮನದಿಯಾಗಲಿ, ಕಾವೇರಿಯಾಗಲಿ, ಕೃಷ್ಣೆಯಾಗಲಿ, ಕೇಳಬೇಕಾದ ಪ್ರಶ್ನೆಗಳು ಇವೇ ನಾಲ್ಕು. ಏನನ್ನು ನೋಡಬೇಕು? ಯಾವಾಗ ಹೋಗಬೇಕು? ನಮಗೆ ಸುರಕ್ಷಿತವೆ? ಅಲ್ಲಿಯ ಜೀವಿಗಳಿಗೆ ಸುರಕ್ಷಿತವೆ? ನಾಲ್ಕಕ್ಕೂ ಸರಿಯಾದ ಉತ್ತರ ಸಿಕ್ಕರೆ ಸಂತೋಷದಿಂದ ದೋಣಿ ಏರಿರಿ. ಸಿಗದಿದ್ದರೆ ದಡದಲ್ಲೇ ಕುಳಿತು ನದಿಯನ್ನು ನೋಡಿರಿ. ದಡದಿಂದಲೂ ಬೆಳ್ಳಕ್ಕಿ ಕಾಣುತ್ತದೆ. ಮತ್ತೊಂದು ದಿನ ನೀರು ಇಳಿದ ಮೇಲೆ ಹೋಗಬಹುದು.

ಪದಗಳ ಅರ್ಥ

ಹರಿಗೋಲು – ಬಿದಿರಿನಿಂದ ಮಾಡಿದ ದುಂಡನೆಯ ದೋಣಿ
ಅಂಬಿಗ – ದೋಣಿ ನಡೆಸುವವನು
ಹುಟ್ಟು – ದೋಣಿ ನಡೆಸುವ ಸಾಧನ
ನಡುಗಡ್ಡೆ – ಸುತ್ತಲೂ ನೀರಿರುವ ಭೂಮಿ
ಕೊಲ್ಲಿ – ಭೂಮಿಯ ಒಳಗೆ ಚಾಚಿರುವ ಸಮುದ್ರದ ಭಾಗ
ಮಗುಚು – ತಲೆಕೆಳಗಾಗು

ಅಭ್ಯಾಸ

ಅ. ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ.
1. ಹಿಮನದಿ ಹೇಗೆ ಉಂಟಾಗುತ್ತದೆ?
2. ಹಕ್ಕಿಗಳು ಗೂಡು ಕಟ್ಟಲು ನಡುಗಡ್ಡೆಯನ್ನು ಏಕೆ ಆರಿಸುತ್ತವೆ?
3. ಊರಿನಲ್ಲಿ ಮಳೆ ಇಲ್ಲದಿದ್ದರೂ ಕೃಷ್ಣಾ ನದಿ ಉಕ್ಕಲು ಕಾರಣವೇನು?
4. ಗೂಡಿನ ಹತ್ತಿರ ದೋಣಿ ಹೋದರೆ ಏನಾಗುತ್ತದೆ?

ಆ. ಬಿಟ್ಟ ಸ್ಥಳ ತುಂಬಿರಿ.
1. ರಂಗನತಿಟ್ಟು ................ ರಲ್ಲಿ ಪಕ್ಷಿಧಾಮವಾಯಿತು.
2. ಬಾಯ್ಕಳಕ ಕೊಕ್ಕರೆ ................ ತಿನ್ನುತ್ತದೆ.
3. ಭಾಗೀರಥಿ ನದಿ ................ ದಲ್ಲಿ ಹುಟ್ಟುತ್ತದೆ.

ಇ. ಚಟುವಟಿಕೆ.
ನಿಮ್ಮ ಊರಿನ ಕೆರೆ ಅಥವಾ ನದಿಯ ದಡಕ್ಕೆ ಹಿರಿಯರೊಂದಿಗೆ ಬೆಳಗಿನ ಹೊತ್ತು ಹೋಗಿರಿ. ಅಲ್ಲಿ ಕಂಡ ಹಕ್ಕಿಗಳ ಹೆಸರನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಕೇಳಿ ಬರೆದುಕೊಳ್ಳಿರಿ. ನದಿ ತುಂಬಿದಾಗ ದೋಣಿಯನ್ನು ಯಾವಾಗ ನಿಲ್ಲಿಸುವರೆಂದು ಹಿರಿಯರನ್ನು ಕೇಳಿ ತರಗತಿಯಲ್ಲಿ ಹೇಳಿರಿ.