ಮುಚ್ಚಿಟ್ಟ ತುರಿಕೆ

ಗೌರಮ್ಮನ ಗಂಡ ನಿಂಗಪ್ಪ. ದಾವಣಗೆರೆಯ ಮಂಡಿಯಲ್ಲಿ ಹಮಾಲಿ ಕೆಲಸ. ಬೆಳಗಿನಿಂದ ಸಂಜೆವರೆಗೆ ಮೆಕ್ಕೆಜೋಳದ ಚೀಲ ಹೊರುತ್ತಾನೆ. ಮೈಯೆಲ್ಲ ಬೆವರು. ಉಟ್ಟ ಬಟ್ಟೆ ಹಿಂಡಿದರೆ ನೀರು ಬರುತ್ತದೆ.

ಮೂರು ತಿಂಗಳಿಂದ ನಿಂಗಪ್ಪ ಮೊದಲಿನಂತಿಲ್ಲ. ರಾತ್ರಿ ನಿದ್ದೆ ಮಾಡುವುದಿಲ್ಲ. ಬೇರೆ ಚಾಪೆ ಹಾಸಿಕೊಂಡು ಮಲಗುತ್ತಾನೆ. ಮಾತಾಡಿಸಿದರೆ ಸಿಡುಕುತ್ತಾನೆ.

ಒಂದು ದಿನ ಗೌರಮ್ಮ ಬಟ್ಟೆ ಒಗೆಯುತ್ತಿದ್ದಳು. ಗಂಡನ ಅಂಗಿಯ ಜೇಬಿನಲ್ಲಿ ಒಂದು ಮುಲಾಮಿನ ಟ್ಯೂಬು ಸಿಕ್ಕಿತು. ಪೂರ್ತಿ ಹಿಂಡಿ ಚಪ್ಪಟೆಯಾಗಿತ್ತು.

"ಏನ್ರೀ ಇದು?" ಎಂದು ಕೇಳಿದಳು.

"ಏನಿಲ್ಲ ಬಿಡು. ಅದು ಗಂಡಸ್ರ ವಿಷ್ಯ" ಎಂದು ಟ್ಯೂಬು ಕಿತ್ತುಕೊಂಡ.

ಗೌರಮ್ಮನ ಎದೆ ಧಸಕ್ಕೆಂದಿತು. ಪೇಟೆಯಲ್ಲಿ ಏನಾದರೂ ಕೆಟ್ಟ ರೋಗ ಅಂಟಿಸಿಕೊಂಡನೋ? ಯಾರನ್ನು ಕೇಳುವುದು? ಅತ್ತೆಗೆ ಹೇಳುವಂತಿಲ್ಲ. ತವರಿಗೂ ಹೇಳುವಂತಿಲ್ಲ. ಅವಳಿಗೂ ನಿದ್ದೆ ಹೋಯಿತು.

ಹದಿನೈದು ದಿನ ಕಳೆಯಿತು. ಗೌರಮ್ಮನಿಗೂ ತುರಿಕೆ ಶುರುವಾಯಿತು. ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಬಳೆಯಂಥ ಕೆಂಪು ಗುರುತು. ಅಂದು ರಾತ್ರಿ ಅವಳು ಸುಮ್ಮನಿರಲಿಲ್ಲ.

"ನೋಡ್ರಿ, ನನಗೂ ಬಂದೈತೆ. ಈಗಲಾದ್ರೂ ಹೇಳ್ರಿ."

ನಿಂಗಪ್ಪ ತಲೆ ತಗ್ಗಿಸಿದ. ಆಮೇಲೆ ಮೆಲ್ಲಗೆ ಹೇಳಿದ. "ತೊಡೆಸಂದಿಲಿ ಮೊದ್ಲು ಒಂದ್ರೂಪಾಯಿ ಅಗಲ ಇತ್ತು. ಔಷಧಿ ಅಂಗಡೀಲಿ ಕೇಳ್ದೆ. ಈ ಟ್ಯೂಬು ಕೊಟ್ರು. ಹಚ್ಚಿದ್ರೆ ಎರಡು ದಿನ ಆರಾಮ. ಬಿಟ್ರೆ ಎರಡರಷ್ಟು ಆಗ್ತದೆ. ನಾಲ್ಕು ಟ್ಯೂಬು ಮುಗೀತು. ಈಗ ತೊಡೆಗೆಲ್ಲ ಹಬ್ಬೈತೆ. ಆ ಜಾಗ ಯಾರಿಗೆ ತೋರಿಸ್ಲಿ ಗೌರಿ? ಪ್ರಾಣ ಹೋದಂಗಾಗ್ತದೆ. ಬೇರೆ ಹೆಂಗಸಿನ ಸಂಗ ಮಾಡಿಲ್ಲ, ನಿನ್ನಾಣೆ."

ಮಾರನೆಯ ದಿನ ಗೌರಮ್ಮ ಆಶಾ ಕಾರ್ಯಕರ್ತೆ ಶಾರದಕ್ಕನ ಮನೆಗೆ ಹೋದಳು. ಎಲ್ಲ ಹೇಳಿಕೊಂಡಳು.

ಶಾರದಕ್ಕ ಹೇಳಿದಳು: "ಕೆಟ್ಟ ರೋಗ ಅಂತ ನೀನೇ ತೀರ್ಪು ಕೊಡಬೇಡ ತಾಯಿ. ಆ ಜಾಗವೂ ಚರ್ಮವೇ. ಕೈಗೆ ಬರೋ ರೋಗ ಅಲ್ಲಿಗೂ ಬರ್ತದೆ. ಇಬ್ಬರೂ ಕೂಡಿ ಆಸ್ಪತ್ರೆಗೆ ಹೋಗಿ. ಆ ಖಾಲಿ ಟ್ಯೂಬನ್ನೂ ತಗೊಂಡು ಹೋಗು."

ಸೋಮವಾರ ಇಬ್ಬರೂ ಸರ್ಕಾರಿ ಆಸ್ಪತ್ರೆಗೆ ಹೋದರು. ಚೀಟಿ ಮಾಡಿಸುವಲ್ಲಿ "ಮೈ ತುರಿಕೆ" ಎಂದಷ್ಟೇ ಹೇಳಿದರು. ಅಷ್ಟು ಹೇಳಿದರೆ ಸಾಕು. ಗೌರಮ್ಮ ಗೋಡೆಯ ಬೋರ್ಡುಗಳನ್ನು ಒಂದೊಂದೇ ಕೂಡಿಸಿ ಓದಿದಳು. "ಚ-ರ್ಮ-ರೋ-ಗ ವಿ-ಭಾ-ಗ. ಇಲ್ಲೇ ರೀ!" ಎಂದಳು.

ಡಾಕ್ಟರು ನಿಂಗಪ್ಪನನ್ನು ಪರದೆಯ ಹಿಂದೆ ಕರೆದು ಪರೀಕ್ಷೆ ಮಾಡಿದರು. ಕೆಲವು ಮಾತು ಅವನೊಬ್ಬನನ್ನೇ ಕೇಳಿದರು. ಚರ್ಮದ ಹೊಟ್ಟು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಲು ಕಳಿಸಿದರು. ರಕ್ತದ ಸಕ್ಕರೆಯನ್ನೂ ನೋಡಿಸಿದರು. ಗೌರಮ್ಮನ ಕಲೆಯನ್ನೂ ನೋಡಿದರು.

"ಇದು ಹುಳುಕಡ್ಡಿ" ಎಂದರು ಡಾಕ್ಟರು. "ಹೆಸರಲ್ಲಿ ಹುಳು ಇದೆ, ಆದರೆ ಹುಳು ಅಲ್ಲ. ಹಳೇ ರೊಟ್ಟಿ ಮೇಲೆ ಬೂಷ್ಟು ಬರುತ್ತಲ್ಲ, ಅಂಥದ್ದೇ ಒಂದು ಜಾತಿ. ಬಿಸಿ, ಬೆವರು, ಬಿಗಿ ಬಟ್ಟೆ ಇರುವ ಕಡೆ ಬೆಳೆಯುತ್ತೆ. ಒಂದೇ ಟವೆಲು, ಒಂದೇ ಹಾಸಿಗೆಯಿಂದ ಇನ್ನೊಬ್ಬರಿಗೆ ಅಂಟುತ್ತೆ. ಇದು ನಡತೆಯಿಂದ ಬಂದ ರೋಗ ಅಲ್ಲಮ್ಮ."

ಗೌರಮ್ಮನ ಕಣ್ಣಲ್ಲಿ ನೀರು ಬಂತು. ನಿಂಗಪ್ಪ ದೊಡ್ಡದಾಗಿ ಉಸಿರುಬಿಟ್ಟ.

"ಮತ್ತೆ ಈ ಮುಲಾಮು ಹಚ್ಚಿದ್ರೂ ಯಾಕೆ ಹೋಗ್ಲಿಲ್ಲ ಸಾರ್?"

ಡಾಕ್ಟರು ಟ್ಯೂಬನ್ನು ನೋಡಿದರು. "ಇದರಲ್ಲಿ ಸ್ಟೀರಾಯ್ಡ್ ಇದೆ. ಇದು ತುರಿಕೆಯನ್ನು ಅಡಗಿಸುತ್ತೆ. ಆದರೆ ಬೂಷ್ಟನ್ನು ಕೊಲ್ಲಲ್ಲ. ಚರ್ಮದ ಕಾವಲನ್ನೇ ಮಲಗಿಸುತ್ತೆ. ಕಾವಲುಗಾರ ಮಲಗಿದರೆ ಕಳ್ಳನಿಗೆ ಹಬ್ಬ! ತೊಡೆಸಂದಿಯ ಚರ್ಮ ಮೊದಲೇ ತೆಳು. ಇದನ್ನು ಹಚ್ಚುತ್ತಾ ಹೋದರೆ ಇನ್ನೂ ತೆಳುವಾಗಿ ಗೆರೆ ಬೀಳುತ್ತೆ. ಆ ಗೆರೆ ಹೋಗಲ್ಲ. ಇಂಥ ಹಲವು ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಸರ್ಕಾರ 2018ರಲ್ಲಿ ನಿಯಮ ಮಾಡಿದೆ."

ಇಬ್ಬರಿಗೂ ಔಷಧಿ ಬರೆದುಕೊಟ್ಟರು. ಗೌರಮ್ಮ ತನ್ನ ನೋಟುಪುಸ್ತಕ ತೆಗೆದು ಬರೆದುಕೊಂಡಳು:

ಮುಲಾಮು ಕಲೆಯ ಮೇಲೆ ಮಾತ್ರವಲ್ಲ, ಸುತ್ತ ಎರಡು ಬೆರಳು ಆಚೆಗೂ ಹಚ್ಚಬೇಕು. ತುರಿಕೆ ನಿಂತಿತೆಂದು ಔಷಧಿ ಬಿಡಬಾರದು. ಡಾಕ್ಟರು ಹೇಳುವವರೆಗೆ ಹಚ್ಚಬೇಕು. ಇಬ್ಬರೂ ಒಟ್ಟಿಗೆ ಔಷಧಿ ಮಾಡಬೇಕು.

ಗುಣವಾಗಲು ಎರಡು ತಿಂಗಳು ಹಿಡಿಯಿತು. ನಿಂಗಪ್ಪನ ಚಾಪೆ ಮತ್ತೆ ಮೊದಲಿನ ಜಾಗಕ್ಕೆ ಬಂತು. ಈಗ ಮಂಡಿಯಲ್ಲಿ ಯಾರಾದರೂ ತುರಿಸಿಕೊಂಡರೆ ಅವನೇ ಹೇಳುತ್ತಾನೆ: "ಟ್ಯೂಬು ತಗೋಬೇಡ ಮಾರಾಯ, ಆಸ್ಪತ್ರೆಗೆ ಹೋಗು."

ಎಲ್ಲ ತುರಿಕೆಯೂ ಒಂದೇ ಅಲ್ಲ

ಅಕ್ಕಂದಿರೇ, ಗಂಡಸರ ಗುಪ್ತ ಜಾಗದಲ್ಲಿ ಹುಣ್ಣು, ಗುಳ್ಳೆ, ತುರಿಕೆ ಬರಲು ಹಲವು ಕಾರಣಗಳಿವೆ. ಮುಖ್ಯವಾದವು ಇವು.

1. ಹುಳುಕಡ್ಡಿ: ಕೆಲವು ಕಡೆ ಗಜಕರ್ಣ ಎನ್ನುತ್ತಾರೆ. ತೊಡೆಸಂದಿಯಲ್ಲಿ ಉಂಗುರದಂತೆ ಕಲೆ ಬರುತ್ತದೆ. ಅಂಚು ಕೆಂಪಾಗಿ ಉಬ್ಬಿರುತ್ತದೆ. ನಡುವೆ ತಿಳಿಯಾಗಿರುತ್ತದೆ.

2. ಕಜ್ಜಿ: ಇದಕ್ಕೆ ಕಾರಣ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ. ಚರ್ಮದೊಳಗೆ ಕೊರೆದು ಮೊಟ್ಟೆ ಇಡುತ್ತದೆ. ರಾತ್ರಿ ತುರಿಕೆ ಹೆಚ್ಚು. ಬೆರಳ ಸಂದಿ, ಸೊಂಟ ಮತ್ತು ಗಂಡಸರ ಗುಪ್ತಾಂಗದ ಮೇಲೆ ಗುಳ್ಳೆ ಏಳುತ್ತವೆ. ಮನೆಯಲ್ಲಿ ಇನ್ನೂ ಒಬ್ಬಿಬ್ಬರಿಗೆ ತುರಿಕೆ ಇರುತ್ತದೆ. ತುರಿಕೆ ಇಲ್ಲದವರೂ ಸೇರಿ ಮನೆಮಂದಿಯೆಲ್ಲ ಒಂದೇ ದಿನ ಔಷಧಿ ಹಚ್ಚಬೇಕು. ಸಾಮಾನ್ಯವಾಗಿ ಒಂದು ವಾರ ಬಿಟ್ಟು ಇನ್ನೊಮ್ಮೆ ಹಚ್ಚಲು ಹೇಳುತ್ತಾರೆ. ಬಟ್ಟೆ, ಹಾಸಿಗೆ, ಹೊದಿಕೆಗಳನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಹುಳ ಸತ್ತ ಮೇಲೂ ಕೆಲವು ವಾರ ತುರಿಕೆ ಉಳಿಯಬಹುದು. ಹೆದರಬೇಡಿ.

3. ಸಕ್ಕರೆ ಕಾಯಿಲೆ: ಶಿಶ್ನದ ತುದಿ, ಮುಂದೊಗಲು ಕೆಂಪಾಗಿ ಉರಿಯುತ್ತದೆ. ಚರ್ಮ ಸೀಳುತ್ತದೆ. ಬಿಳಿ ಪದರ ಕಟ್ಟುತ್ತದೆ. ಇದು ಮತ್ತೆ ಮತ್ತೆ ಬಂದರೆ ರಕ್ತದ ಸಕ್ಕರೆ ನೋಡಿಸಲೇಬೇಕು. ಕೆಲವರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಗುವುದೇ ಹೀಗೆ.

4. ಮೈಗೆ ಒಗ್ಗದಿರುವುದು: ಹೊಸ ಸೋಪು, ಎಣ್ಣೆ, ಮುಲಾಮಿನಿಂದಲೂ ಚರ್ಮ ಉರಿದು ಕೆಂಪಾಗಬಹುದು.

5. ಲೈಂಗಿಕ ಸಂಪರ್ಕದಿಂದ ಬರುವ ರೋಗ: ಹುಣ್ಣು, ನೀರುಗುಳ್ಳೆ ಏಳಬಹುದು. ಮೂತ್ರದ ದಾರಿಯಲ್ಲಿ ಕೀವು ಬರಬಹುದು. ತೊಡೆಸಂದಿಯಲ್ಲಿ ಗಡ್ಡೆ ಆಗಬಹುದು. ಸಿಫಿಲಿಸ್ ಎಂಬ ರೋಗದ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ. ತಾನೇ ಮಾಯುತ್ತದೆ. ಆದರೆ ರೋಗ ಮೈಯಲ್ಲೇ ಉಳಿಯುತ್ತದೆ. ಹೆಂಡತಿಗೆ ದಾಟಬಹುದು. ಆಕೆ ಗರ್ಭಿಣಿಯಾದರೆ ಹೊಟ್ಟೆಯ ಕೂಸಿಗೂ ದಾಟಬಹುದು. ಕೂಸು ಸಾಯಲೂಬಹುದು. ರಕ್ತ ಪರೀಕ್ಷೆಯಿಂದ ಇದು ತಿಳಿಯುತ್ತದೆ. ಪೆನಿಸಿಲಿನ್ ಇಂಜೆಕ್ಷನ್‌ನಿಂದ ಗುಣವಾಗುತ್ತದೆ.

ಇಂಥ ರೋಗವಿದ್ದರೆ ಗಂಡ ಹೆಂಡತಿ ಇಬ್ಬರೂ ಚಿಕಿತ್ಸೆ ಪಡೆಯಬೇಕು. ಒಬ್ಬರೇ ಪಡೆದರೆ ರೋಗ ಮತ್ತೆ ಬರುತ್ತದೆ. ಗುಣವಾಗುವವರೆಗೆ ಕೂಡಬಾರದು. ಆಮೇಲೂ ಡಾಕ್ಟರು ಹೇಳಿದರೆ ನಿರೋಧ್ ಬಳಸಬೇಕು. "ನನಗೂ ಪರೀಕ್ಷೆ ಮಾಡಿ" ಎಂದು ಕೇಳುವುದು ನಿಮ್ಮ ಹಕ್ಕು.

ಎಲ್ಲಿಗೆ ಹೋಗಬೇಕು?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಜಿಲ್ಲಾ ಆಸ್ಪತ್ರೆಗಳಲ್ಲಿ "ಸುರಕ್ಷಾ ಕ್ಲಿನಿಕ್" ಇರುತ್ತದೆ. ಅಲ್ಲಿ ಲೈಂಗಿಕ ರೋಗಗಳಿಗೆ ಉಚಿತ ಚಿಕಿತ್ಸೆ ಕೊಡುತ್ತಾರೆ. ಎಚ್.ಐ.ವಿ. ಪರೀಕ್ಷೆಯೂ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ವಿಷಯ ಗುಟ್ಟಾಗಿ ಇಡುತ್ತಾರೆ. ಹೋಗಲು ಹಿಂಜರಿಕೆ ಇದ್ದರೆ 1097ಕ್ಕೆ ಫೋನ್ ಮಾಡಿ ಕೇಳಬಹುದು. ಅದಕ್ಕೆ ಹಣ ಬೀಳುವುದಿಲ್ಲ.

ಡಾಕ್ಟರಿಗೆ ಇಷ್ಟು ಹೇಳಿ: ಎಷ್ಟು ದಿನದಿಂದ ಇದೆ. ಏನೇನು ಹಚ್ಚಿದ್ದೀರಿ. ಮನೆಯಲ್ಲಿ ಇನ್ನಾರಿಗೆ ಇದೆ. ಬೇರೆ ಯಾವ ಮಾತ್ರೆ ನುಂಗುತ್ತೀರಿ. ನೀವು ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ.

ಇವು ಕಂಡರೆ ಅಂದೇ ಹೋಗಿ

ವೃಷಣದಲ್ಲಿ ಒಮ್ಮೆಲೇ ಜೋರು ನೋವು, ಬಾವು. ಮೂತ್ರ ಕಟ್ಟುವುದು. ಹಿಂದೆ ಸರಿದ ಮುಂದೊಗಲು ಮುಂದೆ ಬಾರದೆ ಸಿಕ್ಕಿಕೊಳ್ಳುವುದು. ಚರ್ಮ ಕಪ್ಪಾಗಿ, ಜ್ವರ ಬರುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ.

ನೆನಪಿಡಿ

ದಿನವೂ ಸ್ನಾನ ಮಾಡಿ, ಸಂದಿಗಳನ್ನು ಒರೆಸಿ ಒಣಗಿಸಬೇಕು.
ಸಡಿಲವಾದ ಹತ್ತಿಯ ಒಳಬಟ್ಟೆ ಹಾಕಬೇಕು. ದಿನವೂ ಬದಲಿಸಬೇಕು.
ಒಬ್ಬೊಬ್ಬರಿಗೆ ಒಂದೊಂದು ಟವೆಲು ಇರಬೇಕು.
ಸುಣ್ಣ, ಸೀಮೆಎಣ್ಣೆ, ಬೆಳ್ಳುಳ್ಳಿ ಹಚ್ಚಬಾರದು. ಚರ್ಮ ಸುಡುತ್ತದೆ.
ಅಂಗಡಿಯವರು ಕೊಟ್ಟ ಮುಲಾಮನ್ನು ಚೀಟಿ ಇಲ್ಲದೆ ಹಚ್ಚಬಾರದು.
ಅನುಮಾನ ಪಟ್ಟು ಜಗಳವಾಡುವ ಮೊದಲು ಪರೀಕ್ಷೆ ಮಾಡಿಸಬೇಕು.

ಉತ್ತರ ಬರೆಯಿರಿ

1. ನಿಂಗಪ್ಪನಿಗೆ ಬಂದ ರೋಗ ಯಾವುದು?
2. ಅಂಗಡಿಯ ಮುಲಾಮಿನಿಂದ ರೋಗ ಏಕೆ ಹೆಚ್ಚಾಯಿತು?
3. ಕಜ್ಜಿ ಬಂದರೆ ಯಾರು ಯಾರು ಔಷಧಿ ಹಚ್ಚಬೇಕು?

ಬಿಟ್ಟ ಜಾಗ ತುಂಬಿ

1. ಲೈಂಗಿಕ ರೋಗಕ್ಕೆ ______ ಕ್ಲಿನಿಕ್‌ನಲ್ಲಿ ಉಚಿತ ಚಿಕಿತ್ಸೆ ಸಿಗುತ್ತದೆ.
2. ಗಂಡ, ಹೆಂಡತಿ ______ ಚಿಕಿತ್ಸೆ ಪಡೆಯಬೇಕು.

ಕೂಡಿ ಮಾತಾಡಿ

ನಿಂಗಪ್ಪ ಮೂರು ತಿಂಗಳು ಏಕೆ ಮುಚ್ಚಿಟ್ಟ? ನಿಮ್ಮ ಮನೆಯಲ್ಲಿ ಹೀಗಾದರೆ ಮೊದಲ ಮಾತು ಹೇಗೆ ಆಡುತ್ತೀರಿ?