ಮಗನ ಕಾರ್ಡ್ ಸಾಲ: ತೀರಿಸುವ ಮೊದಲು ಸ್ಟೇಟ್‌ಮೆಂಟ್ ನೋಡಿ

ದೂರದ ಊರಿನಲ್ಲಿ ದುಡಿಯುವ ಮಗನಿಗೋ ಮಗಳಿಗೋ ಕ್ರೆಡಿಟ್ ಕಾರ್ಡ್ ಸಾಲವಿದೆ ಎಂಬ ಸುದ್ದಿ ಮಕ್ಕಳ ಬಾಯಿಂದಲೇ ಮನೆಗೆ ಬರುವುದು ಅಪರೂಪ. ವಸೂಲಿ ಏಜೆಂಟನ ಫೋನಿನಲ್ಲೋ, ಲೋಕ ಅದಾಲತ್‌ಗೆ ಬನ್ನಿ ಎಂಬ ನೋಟಿಸಿನಲ್ಲೋ ಅದು ಬರುತ್ತದೆ. ಆಗ ಮನೆಯಲ್ಲಿ ಬೈಗುಳ ಶುರುವಾಗುತ್ತದೆ, ಇಲ್ಲವೇ ಅಮ್ಮನ ಬಳೆ ಅಡವಿಗೆ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಎರಡೂ ಒಂದೇ ದಿನ ನಡೆಯುತ್ತವೆ. ನಿಮ್ಮ ಪ್ರೀತಿಯ ಬಗ್ಗೆ ನನ್ನ ತಕರಾರಿಲ್ಲ, ವಿಧಾನದ ಬಗ್ಗೆ ಇದೆ. ಸಾಲ ಹೇಗೆ ಬೆಳೆಯಿತೆಂದು ನೋಡದೆ ತೀರಿಸಿದರೆ ಅದೇ ಕಾರ್ಡು ಮತ್ತೆ ತುಂಬುವ ಸಾಧ್ಯತೆಯೇ ಹೆಚ್ಚು.

ಕಾರ್ಡಿನ ಬಿಲ್ಲಿನಲ್ಲಿ ಎರಡು ಮೊತ್ತಗಳಿರುತ್ತವೆ. ಒಂದು ಒಟ್ಟು ಬಾಕಿ. ಇನ್ನೊಂದು ‘ಮಿನಿಮಮ್ ಡ್ಯೂ’, ಅಂದರೆ ಖಾತೆ ಸುಸ್ತಿಯಾಗದಿರಲು ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಹಣ. ಹುಡುಗರು ಮೋಸಹೋಗುವುದು ಈ ಎರಡನೆಯದರಲ್ಲಿ. ಬಾಕಿ 1 ಲಕ್ಷ ರೂಪಾಯಿ, ಬಡ್ಡಿ ತಿಂಗಳಿಗೆ ಶೇ 3.5 ಎಂದಿಟ್ಟುಕೊಳ್ಳಿ. ಊರಿನ ಕೈಸಾಲದ ಲೆಕ್ಕದಲ್ಲಿ ನೂರಕ್ಕೆ ಮೂರೂವರೆ ರೂಪಾಯಿ. ಅಷ್ಟು ಬಡ್ಡಿ ಕೇಳಿದವನ ಹತ್ತಿರ ನೀವು ಕೈಸಾಲಕ್ಕೂ ಹೋಗಲಾರಿರಿ. ತಿಂಗಳ ಬಡ್ಡಿ 3,500, ಅದರ ಮೇಲೆ ಶೇ 18ರ ಜಿಎಸ್‌ಟಿ 630. ಮಗ ನಿಯತ್ತಾಗಿ 5,000 ಕಟ್ಟಿದರೂ ಅಸಲಿಗೆ ಜಮೆಯಾಗುವುದು ಬರೀ 870 ರೂಪಾಯಿ. ಸಾಲದ್ದಕ್ಕೆ, ಹಳೆಯ ಬಾಕಿ ಉಳಿದಿದ್ದರೆ ಹೊಸ ಖರೀದಿಗೆ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಆಮೇಲೆ ಕೊಂಡ ಹಾಲಿನ ಪ್ಯಾಕೆಟ್ಟಿಗೂ ಕೊಂಡ ದಿನದಿಂದಲೇ ಬಡ್ಡಿ. ತಾನು ತಪ್ಪದೆ ಕಟ್ಟುತ್ತಿದ್ದೇನೆಂದು ಅವನು ನಂಬಿರುತ್ತಾನೆ. ಅದು ಸುಳ್ಳೂ ಅಲ್ಲ, ಕಟ್ಟುತ್ತಲೇ ಇದ್ದಾನೆ.

ಒಂದು ಕಾರ್ಡು ತುಂಬಿದ ಮೇಲೆ ಎರಡನೆಯದು ಬರುತ್ತದೆ. ಹುಡುಗರು ‘ರೊಟೇಷನ್’ ಎನ್ನುವುದು ಇದನ್ನೇ: ಒಂದು ಕಾರ್ಡಿನಿಂದ ಹೇಗೋ ಹಣ ಎಬ್ಬಿಸಿ, ಅದರಿಂದ ಇನ್ನೊಂದರ ಬಿಲ್ ಕಟ್ಟುವುದು. ಪ್ರತಿ ಸುತ್ತಿಗೂ ಶುಲ್ಕವಿದೆ. ಈ ಹಂತಕ್ಕೆ ಬಂದವನು ಹೊಸ ಖರ್ಚು ಮಾಡದಿದ್ದರೂ ಸಾಲ ಬೆಳೆಯುತ್ತದೆ. ಹಾಗಾಗಿ ‘ಅಷ್ಟು ದುಡ್ಡು ಏನು ಮಾಡಿದೆ?’ ಎಂಬ ನಿಮ್ಮ ಪ್ರಶ್ನೆಗೆ ಅವನಲ್ಲಿ ನಿಜಕ್ಕೂ ಉತ್ತರ ಇರಲಿಕ್ಕಿಲ್ಲ.

ಉತ್ತರ ಸ್ಟೇಟ್‌ಮೆಂಟಿನಲ್ಲಿದೆ. ಒಂದು ವರ್ಷದ ಸ್ಟೇಟ್‌ಮೆಂಟ್‌ಗಳನ್ನು ಪ್ರಿಂಟ್ ತೆಗೆಸಿ, ಅವನ ಪಕ್ಕದಲ್ಲಿ ಕೂತು, ಪೆನ್ನು ಹಿಡಿದು ಓದಿ. ಎದುರಿಗೆ ಕೂತರೆ ವಿಚಾರಣೆಯಾಗುತ್ತದೆ. ಫೋನು, ಟ್ರಿಪ್ಪು, ಹೋಟೆಲುಗಳೇ ತುಂಬಿದ್ದರೆ ಕಾರಣ ಸರಳ: ಸಂಬಳಕ್ಕಿಂತ ದೊಡ್ಡದಾದ ಲಿಮಿಟ್ಟನ್ನು ತನ್ನದೇ ಹಣ ಎಂದುಕೊಂಡಿದ್ದಾನೆ. ಒಂದು ತಿಂಗಳಿಂದೀಚೆಗೆ ದಿನಸಿ, ಬಾಡಿಗೆಗಳೂ ಕಾರ್ಡಿಗೇ ಬಿದ್ದಿದ್ದರೆ, ಕೆಲಸ ಹೋಗಿದ್ದನ್ನು ಅವನು ಹೇಳಿಲ್ಲದಿರಬಹುದು. ಎಟಿಎಂನಿಂದ ನಗದು ತೆಗೆದ ಸಾಲುಗಳು ಕಂಡರೆ ಸಲೀಸಾಗಿ ಮುಂದೆ ಹೋಗಬೇಡಿ. ಕಾರ್ಡಿನ ನಗದಿಗೆ ಶುಲ್ಕವೂ ಉಂಟು, ಮೊದಲ ದಿನದಿಂದ ಬಡ್ಡಿಯೂ ಉಂಟು. ಆದರೂ ತೆಗೆದಿದ್ದಾನೆಂದರೆ ಬೇರೆಲ್ಲೋ ಒತ್ತಡವಿದೆ: ಆ್ಯಪ್ ಸಾಲವಿರಬಹುದು, ಜೂಜಿರಬಹುದು, ಷೇರುಪೇಟೆಯ ಆಪ್ಷನ್ಸ್ ವಹಿವಾಟಿನ ನಷ್ಟವಿರಬಹುದು.

ಇನ್ನೊಂದು ಕಾರಣವಿದೆ, ಹೇಳಲು ಸ್ವಲ್ಪ ಕಷ್ಟದ್ದು. ಕೆಲವು ಸ್ಟೇಟ್‌ಮೆಂಟ್‌ಗಳಲ್ಲಿ ಕಾಣುವ ಖರ್ಚು ಮನೆಯದೇ: ತಂಗಿಯ ಮದುವೆಗೆ ಕೊಂಡ ಫ್ರಿಜ್ಜು, ಗೃಹಪ್ರವೇಶದ ಹೊತ್ತಿಗೆ ತಂದ ಟಿವಿ, ಅಪ್ಪನ ಆಸ್ಪತ್ರೆ ಬಿಲ್ಲು. ಸಂಬಳದ ಹೆಚ್ಚು ಭಾಗ ಊರಿಗೆ ಕಳಿಸಿ, ತನ್ನ ತಿಂಗಳನ್ನು ಕಾರ್ಡಿನಲ್ಲಿ ದಾಟಿಸುವ ಮಕ್ಕಳಿದ್ದಾರೆ. ‘ಅವನಿಗೇನು, ಸಾಫ್ಟ್‌ವೇರ್‌ನಲ್ಲಿದ್ದಾನೆ’ ಎಂದು ನೆಂಟರಿಷ್ಟರ ಮುಂದೆ ನೀವು ಹೆಮ್ಮೆಯಿಂದ ಆಡಿದ ಮಾತು ಅವನ ಕಿವಿಗೂ ಬಿದ್ದಿರುತ್ತದೆ. ಆಮೇಲೆ ‘ಈ ತಿಂಗಳು ಆಗಲ್ಲಪ್ಪ’ ಎನ್ನಲು ನಾಲಿಗೆ ಏಳುವುದಿಲ್ಲ. ಇಂಥ ಕಡೆ ತಿದ್ದಬೇಕಾದ್ದು ಮಗನ ದುಂದುಗಾರಿಕೆಯನ್ನಲ್ಲ. ಮನೆಗೆ ಅವನು ಎಷ್ಟು ಕೊಡಬಲ್ಲ ಎಂಬುದನ್ನು ಅವನ ಬಾಯಲ್ಲೇ ಹೇಳಿಸಿ, ಆ ಮೊತ್ತಕ್ಕೆ ನೀವು ಒಗ್ಗಿಕೊಳ್ಳಬೇಕು. ಮಾತಿನ ನಡುವೆ ‘ನಾನಿದ್ದು ಏನು ಪ್ರಯೋಜನ’ ಎಂಬ ಧಾಟಿ ಕೇಳಿಬಂದರೆ ಮಾತ್ರ ಲೆಕ್ಕವನ್ನು ಅಲ್ಲಿಗೇ ಬಿಡಿ. ಅವನನ್ನು ಒಬ್ಬನೇ ಇರಲು ಬಿಡದೆ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್‌ಗೆ (14416) ಕರೆ ಮಾಡಿ.

ಇನ್ನು ಪರಿಹಾರ. ಕಾರ್ಡು ಬಳಸುವುದು ನಿಲ್ಲಬೇಕು, ಶಾಪಿಂಗ್ ಆ್ಯಪ್‌ಗಳಲ್ಲಿ ಉಳಿಸಿಟ್ಟ ಅದರ ನಂಬರೂ ಹೋಗಬೇಕು. ನಂತರ ಬ್ಯಾಂಕಿಗೆ ಅವನೇ ಬರೆದು, ಬಾಕಿಯನ್ನು ಕಡಿಮೆ ಬಡ್ಡಿಯ ಕಂತುಗಳಾಗಿ ಬದಲಿಸಲು ಕೇಳಲಿ. ಸುಸ್ತಿಯಾಗುವ ಮೊದಲೇ ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು. ಒಡವೆ ಸಾಲದ ಬಡ್ಡಿ ಕಾರ್ಡಿನದಕ್ಕಿಂತ ಬಹಳ ಕಡಿಮೆ, ಹಾಗಾಗಿ ಬಳೆ ಅಡವಿಡುವುದೇ ತಪ್ಪು ಎನ್ನಲಾರೆ. ಆದರೆ ಹಣ ನೇರ ಕಾರ್ಡಿನ ಖಾತೆಗೆ ಹೋಗಲಿ, ಬಳೆ ಬಿಡಿಸುವ ಕಂತು ಅವನ ಸಂಬಳದಿಂದ ಬರಲಿ. ಜಮೀನು ಮಾರಬೇಡಿ. ನಿಮ್ಮ ನಿವೃತ್ತಿಯ ಠೇವಣಿಯನ್ನೂ ಮುಟ್ಟಬೇಡಿ. ಅವನಿಗೆ ದುಡಿಯಲು ವರ್ಷಗಳಿವೆ, ನಿಮಗಿಲ್ಲ.

ಕಟ್ಟುವುದು ಸಾಧ್ಯವೇ ಇಲ್ಲದ ಸ್ಥಿತಿಯಲ್ಲಿ ಉಳಿಯುವುದು ಸೆಟಲ್‌ಮೆಂಟ್, ಅಂದರೆ ಬಾಕಿಯ ಒಂದು ಭಾಗ ಕಟ್ಟಿ ಉಳಿದದ್ದನ್ನು ಬ್ಯಾಂಕ್ ಬಿಡುವ ರಾಜಿ. ಇದಕ್ಕೆ ಬೆಲೆಯಿದೆ: ಕ್ರೆಡಿಟ್ ವರದಿಯಲ್ಲಿ ‘ಸೆಟಲ್ಡ್’ ಎಂಬ ಗುರುತು ವರ್ಷಗಟ್ಟಲೆ ಉಳಿದು, ಮುಂದೆ ಮನೆ ಸಾಲಕ್ಕೆ ಹೋದಾಗ ಅಡ್ಡ ಬರುತ್ತದೆ. ರಾಜಿಯಾದರೆ ಬ್ಯಾಂಕಿನ ಪತ್ರ ಕೈಗೆ ಬಂದ ಮೇಲೆ, ಕಾರ್ಡಿನ ಖಾತೆಗೇ ಕಟ್ಟಿ. ಏಜೆಂಟನ ಯುಪಿಐಗೆ ಹಾಕಬೇಡಿ. ಮುಂಗಡ ಶುಲ್ಕ ಕೇಳಿ, ‘ಕಟ್ಟುವುದು ನಿಲ್ಲಿಸಿ, ಕೋರ್ಟಿನಲ್ಲಿ ಬಡ್ಡಿ ಇಳಿಸುತ್ತೇವೆ’ ಎನ್ನುವ ಸಾಲಮುಕ್ತಿ ಏಜೆನ್ಸಿಗಳಿಂದ ದೂರವಿರಿ. ವರ್ಷಕ್ಕೆ ಶೇ 30ಕ್ಕಿಂತ ಹೆಚ್ಚಿನ ಬಡ್ಡಿ ಸಲ್ಲದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿದ್ದು ನಿಜ. ಆ ಆದೇಶವನ್ನು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದೆ.

ಏಜೆಂಟರ ಫೋನಿಗೆ ಹೆದರಬೇಕಿಲ್ಲ. ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ, ಮನೆಯವರನ್ನು ಅವಮಾನಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ನೀವು ಜಾಮೀನು ಹಾಕಿರದಿದ್ದರೆ, ಅದು ನಿಮ್ಮ ಖಾತೆಯ ಆಡ್-ಆನ್ ಕಾರ್ಡ್ ಆಗಿರದಿದ್ದರೆ, ವಯಸ್ಕ ಮಗನ ಸಾಲ ನಿಮ್ಮದಲ್ಲ. ಲೋಕ ಅದಾಲತ್ ನೋಟಿಸ್ ಅರೆಸ್ಟ್ ವಾರಂಟ್ ಅಲ್ಲ, ರಾಜಿಗೆ ಕರೆ. ಚೆಕ್ಕೋ ಆಟೋ ಡೆಬಿಟ್ಟೋ ಬೌನ್ಸ್ ಆಗಿ ಬಂದ ನೋಟಿಸ್ ಬೇರೆ, ಅದು ಕ್ರಿಮಿನಲ್ ದೂರಿಗೆ ದಾರಿಯಾಗಬಹುದು. ಕೂಡಲೇ ವಕೀಲರಿಗೆ ತೋರಿಸಿ. ಕಿರುಕುಳ ಮುಂದುವರಿದರೆ ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರಬಹುದು, ಶುಲ್ಕವಿಲ್ಲ.

ಪೂರ್ತಿ ತೀರಿದ ದಿನ ‘ನೋ ಡ್ಯೂಸ್’ ಪತ್ರ ಪಡೆದು, ಕಾರ್ಡು ಮುಚ್ಚಲು ಬರೆದುಕೊಡಲಿ. ಬಾಕಿ ಇಲ್ಲದಿದ್ದರೆ 7 ಕೆಲಸದ ದಿನಗಳೊಳಗೆ ಬ್ಯಾಂಕ್ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ದಂಡ ಗ್ರಾಹಕನಿಗೆ ಸೇರುತ್ತದೆ.